ರುಮಾಲೆಯವರ ವಸಂತ

ವಸಂತವೆಂದರೆ ಮಾವಿನ ಚಿಗುರು, ಕೋಗಿಲೆಯ ದನಿ ಎಂದು ನಮ್ಮ ಕಾವ್ಯಪರಂಪರೆ ಕಲಿಸಿದೆ. ಮಕ್ಕಳೂ ತಮ್ಮ ಪ್ರಬಂಧಗಳಲ್ಲಿ ಅದನ್ನೇ ಬರೆಯುವರು. ಕಿಟಕಿಯಾಚೆಯ ಮರವನ್ನು ಮಾತ್ರ ನೋಡರು. ಈ ಜಾಡ್ಯಕ್ಕೆ ರುಮಾಲೆ ಚನ್ನಬಸವಯ್ಯನವರ (1910–1988) ನಿಸರ್ಗಚಿತ್ರಗಳು ಒಳ್ಳೆಯ ಮದ್ದೆಂದು ನಾವು ಭಾವಿಸುತ್ತೇವೆ.

ದೊಡ್ಡಬಳ್ಳಾಪುರದಲ್ಲಿ ಜನಿಸಿದ ಅವರು ಕಲಾಭ್ಯಾಸವನ್ನು ತೊರೆದು ಸ್ವಾತಂತ್ರ್ಯ ಹೋರಾಟಕ್ಕಿಳಿದರು. ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು. 1960ರ ದಶಕದಲ್ಲಿ ಮರಳಿ ಕುಂಚ ಹಿಡಿದರು. ಬೆಂಗಳೂರಿನ ಹೂಮರಗಳು ಅವರಿಗೆ ಒಲಿದ ವಸ್ತು.

ಮರದ ಮುಂದೆಯೇ ಕುಳಿತು ಬಿಡಿಸುವುದು ಅವರ ಕ್ರಮ. ಅವರ ತೈಲಚಿತ್ರಗಳಲ್ಲಿ ಬಣ್ಣ ದಪ್ಪವಾಗಿ, ಬಿಡಿಬಿಡಿ ಬೀಸುಗಳಲ್ಲಿ ಕೂರುತ್ತದೆ. ಹತ್ತಿರದಿಂದ ಬರಿಯ ಕೆಂಪು, ಹಳದಿ ಚುಕ್ಕೆಗಳು; ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಿಸಿಲಿಗೆ ಉರಿಯುವ ಗುಲ್‌ಮೊಹರ್. ನೆರಳು ಕಪ್ಪಲ್ಲ, ನೀಲಿ-ನೇರಳೆ. ವ್ಯಾನ್ ಗೋ ನೆನಪಾಗುವುದು ಸಹಜ. ಆದರೆ ಬಿಸಿಲು ದಕ್ಷಿಣದ್ದೇ.

ಇನ್ನೊಂದು ಸ್ವಾರಸ್ಯವುಂಟು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಾಂಡ ದಕ್ಷಿಣ ಅಮೆರಿಕದ್ದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್‌ರಂಥವರು ಇಂಥ ಮರಗಳಿಂದ ಬೆಂಗಳೂರಿನ ಬೀದಿಗಳನ್ನು ಸಿಂಗರಿಸಿದರು. ಪರದೇಶದ ಮರಕ್ಕೆ ರುಮಾಲೆಯವರ ಕುಂಚ ಈ ಮಣ್ಣಿನ ಒಕ್ಕಲುತನವನ್ನು ಕೊಟ್ಟಿತು. ಯಾವುದು ನಮ್ಮದು ಎಂಬುದನ್ನು ಮೂಲವಷ್ಟೇ ನಿರ್ಣಯಿಸದು, ನೋಟವೂ ನಿರ್ಣಯಿಸುತ್ತದೆ.

ದೋಷವನ್ನೂ ಹೇಳಬೇಕು. ಎಲ್ಲೆಡೆ ವರ್ಣ ಉಕ್ಕಿದಾಗ ಕಣ್ಣಿಗೆ ವಿಶ್ರಾಂತಿ ದೊರೆಯದು. ಪೋಲೆಂಡಿನ ಯಾನ್ ಸ್ತಾನಿಸ್ವಾಫ್‌ಸ್ಕಿ (1860–1907) ಅಂಗೈಯಗಲದ ಹಲಗೆಗಳ ಮೇಲೂ ತೈಲದಲ್ಲಿ ನಿಸರ್ಗವನ್ನು ಹಿಡಿದ ಕಲಾವಿದ. ಅಲ್ಲಿ ಮಿತಿಯೇ ಶಕ್ತಿ. ರುಮಾಲೆಯವರ ಶಕ್ತಿ ಸಮೃದ್ಧಿಯಲ್ಲಿದೆ, ದೌರ್ಬಲ್ಯವೂ ಅಲ್ಲಿಯೇ. ಆದರೂ ಆ ಸಮೃದ್ಧಿ ಹುಸಿಯಲ್ಲ, ಕಣ್ಣಾರೆ ಕಂಡದ್ದು.

ಆ ಪೋಲಿಷ್ ಕಲಾವಿದರು ಕ್ರಾಕೋವ್ ಕಲಾಶಾಲೆಯಲ್ಲಿ ಅಧ್ಯಾಪಕರೂ ಆಗಿದ್ದರು. ಶಿಷ್ಯರನ್ನು ಬಯಲಿಗೆ ಕರೆದೊಯ್ದು ಕಲಿಸುತ್ತಿದ್ದರು. ಅದು ನಮಗೂ ಅಸಾಧ್ಯವಲ್ಲ. ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ಉಂಡವಳ್ಳಿಯ ಸೀಮೆಯಲ್ಲಿ ಜಕರಾಂಡ ಬೀದಿಗಳಿಲ್ಲ. ಯುಗಾದಿಯ ಹೊತ್ತಿಗೆ ಬೇವು ಹೂಬಿಡುತ್ತದೆ. ತೆಲುಗು ನಾಡಿನಲ್ಲಿ ಕನ್ನಡ ಕಲಿಯುವ ಮಗುವಿಗೆ ವಸಂತ ಪುಸ್ತಕದ ಪದವಾಗಿಯೇ ಉಳಿದರೆ, ಭಾಷೆಯೂ ಪುಸ್ತಕದಲ್ಲೇ ಉಳಿದೀತು. ಮೊದಲು ಬೇವಿನ ಹೂವಿನ ಬಣ್ಣವೇನೆಂದು ನೋಡಿ ಬರಲಿ, ಆಮೇಲೆ ಬರೆಯಲಿ.