ದಾಂಡೇಲಿಯ ತೇಗ

ಹೆಸರಘಟ್ಟದ ಹುಲ್ಲುಗಾವಲಿನ ಬಯಲಿಗೆ ಒಗ್ಗಿದ ಕಣ್ಣಿಗೆ, ಉತ್ತರ ಕನ್ನಡದಲ್ಲಿ ಕಾಳೀನದಿಯ ದಡವನ್ನಾಶ್ರಯಿಸಿ ಬೆಳೆದ ದಾಂಡೇಲಿಯ ನಾಟಾ ಡಿಪೋ ಅಪೂರ್ವ ದರ್ಶನವೇ ಸರಿ. ಆಂಗ್ಲರ ಆಳ್ವಿಕೆಯಲ್ಲಿ ಅರಣ್ಯದ ಮರ ಸಾಗಿಸಲೆಂದು ಅಳ್ನಾವರದಿಂದ ಇಲ್ಲಿಯವರೆಗೆ ರೈಲುಹಳಿ ಬಂದಿತು. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ಬಿದಿರನ್ನರಸಿ ಬಂದಿತು. ಆದರೆ ನನ್ನ ಗೌರವವೆಲ್ಲ ತೇಗಕ್ಕೇ ಮೀಸಲು. ಕೊಯ್ದ ಮುಖದಲ್ಲಿ ವರ್ಷವರ್ಷದ ಮಳೆ ಬೇಸಗೆಗಳನ್ನು ವಲಯವಲಯವಾಗಿ ಧರಿಸಿ, ಒಡಲೊಳಗಿನ ಸಹಜ ತೈಲದಿಂದ ಗೆದ್ದಲನ್ನೂ ತೇವವನ್ನೂ ತಡೆದು, ಬಾಗಿಲಾಗಿಯೂ ತೊಲೆಯಾಗಿಯೂ ಹಡಗಾಗಿಯೂ ತಲೆಮಾರುಗಳ ಸೇವೆಗೈಯುವ ಇಂಥ ದಾರು ಮತ್ತೊಂದುಂಟೆ? ಪ್ರತಿಯೊಂದು ದಿಮ್ಮಿಯ ಉದ್ದವನ್ನೂ ಸುತ್ತಳತೆಯನ್ನೂ ಅಳೆದು, ಸುತ್ತಿಗೆಯ ಮುದ್ರೆಯೊತ್ತಿ, ದರ್ಜೆಗನುಸಾರವಾಗಿ ಒಟ್ಟಿ ಹರಾಜಿಗೆ ಸಜ್ಜುಗೊಳಿಸುವ ಕೆಲಸಗಾರರ ವಿವೇಚನೆಯೂ ಆ ಮರದಷ್ಟೇ ವಂದನೀಯವಾದುದು.