ಗೆದ್ದೆತ್ತಿನ ಬಾಲ

ಏಪ್ರಿಲ್ ಬಂತೆಂದರೆ ಬಂಗಾರಪೇಟೆಯ ನಮ್ಮ ಮನೆಯಲ್ಲಿ ಸಂಜೆ ಏಳೂವರೆಯ ನಂತರ ಟಿ.ವಿ. ನನ್ನ ಕೈಗೆ ಸಿಗುವುದಿಲ್ಲ. ಮಗ ಬೆಂಗಳೂರಿನಿಂದ ಮಾರಿಕುಪ್ಪಂ ರೈಲಿನಲ್ಲಿ ಬಂದವನೇ ಕೈಕಾಲು ಸಹ ತೊಳೆಯದೆ ಅದರ ಮುಂದೆ ಕೂರುತ್ತಾನೆ. ಹುಳಿ ಕುದಿಸುತ್ತಾ ಅಡುಗೆಮನೆಯ ಬಾಗಿಲಿನಿಂದಲೇ ಇಣುಕಿ ಇಣುಕಿ ನನಗೂ ಆರ್‌ಸಿಬಿ ಹುಚ್ಚು ಹತ್ತಿತು. ಆದರೆ ನನ್ನ ಕಣ್ಣು ಸಿಕ್ಸರ್ ಮೇಲಲ್ಲ, ಕ್ಯಾಪ್ಟನ್ ಮೇಲೆ. ಇಪ್ಪತ್ತೆಂಟು ವರ್ಷ ಹೆಡ್‌ಮಾಸ್ಟರುಗಳ ಕೈಕೆಳಗೆ ದುಡಿದವಳ ಕಣ್ಣು ಇನ್ನೆಲ್ಲಿಗೆ ಹೋದೀತು!

2008ರಲ್ಲಿ ನಮ್ಮ ದ್ರಾವಿಡ್ ಕ್ಯಾಪ್ಟನ್, ವೆಂಕಟೇಶ್ ಪ್ರಸಾದ್ ತರಬೇತುದಾರ. ಮೊದಲ ಪಂದ್ಯದಲ್ಲೇ 82ಕ್ಕೆ ಆಲ್ ಔಟ್. ವರ್ಷ ತುಂಬುವುದರೊಳಗೆ ಇಬ್ಬರ ಜಾಗವೂ ಬೇರೆಯವರದಾಯಿತು. 2009ರಲ್ಲಿ ಪೀಟರ್ಸನ್ ಬಂದರು, ಆರು ಪಂದ್ಯ ಆಡಿಸಿ ತಮ್ಮ ದೇಶದ ತಂಡಕ್ಕೆ ಹೊರಟುಹೋದರು. ನಡುದಾರಿಯಲ್ಲಿ ಬಂಡಿಯ ಹಗ್ಗ ಕುಂಬ್ಳೆ ಕೈಗೆ ಬಂತು. ನನ್ನ ಲೆಕ್ಕದಲ್ಲಿ ಈ ತಂಡದ ಮೊದಲ ನಿಜವಾದ ನಾಯಕ ಆತನೇ. ಜೋಹಾನ್ಸ್‌ಬರ್ಗ್ ಫೈನಲ್‌ನಲ್ಲಿ ಮೊದಲ ಓವರನ್ನು ತಾನೇ ಹಾಕಿ ಗಿಲ್‌ಕ್ರಿಸ್ಟ್‌ರನ್ನು ಸೊನ್ನೆಗೆ ಕಳಿಸಿದರು, ಒಟ್ಟು 16 ರನ್ನಿಗೆ 4 ವಿಕೆಟ್. ಆದರೂ ತಂಡ ಸೋತದ್ದು ಆರೇ ರನ್ನಿನಿಂದ. ಏಳು ರನ್ ಹೆಚ್ಚು ಬಂದಿದ್ದರೆ ಇಂದು ಊರೂರಲ್ಲಿ ಅವರ ಕಟೌಟ್ ನಿಲ್ಲುತ್ತಿತ್ತು. ವೆಟ್ಟೋರಿಯ ಕಥೆಯೂ ಹೆಚ್ಚುಕಡಿಮೆ ಇದೇ. 2011ರ ಫೈನಲ್ ಸೋಲು.

ಕೊಹ್ಲಿಯ ವಿಷಯ ಎತ್ತಿದರೆ ಮಗ ಊಟ ಬಿಟ್ಟು ಏಳುತ್ತಾನೆ. ಆದರೂ ಹೇಳುತ್ತೇನೆ. 2013ರಿಂದ ಒಂಬತ್ತು ವರ್ಷ ನಾಯಕ. 2016ರಲ್ಲಿ ಒಬ್ಬನೇ 973 ರನ್ ಹೊಡೆದ. ಅದೇ ವರ್ಷದ ಫೈನಲ್‌ನಲ್ಲಿ ಹೊಡೆಸಿಕೊಳ್ಳುತ್ತಿದ್ದ ವಾಟ್ಸನ್‌ಗೇ ಕೊನೆಯ ಓವರನ್ನೂ ಕೊಟ್ಟ. ನಾಲ್ಕು ಓವರಿಗೆ 61 ರನ್. ನಾವು ಸೋತದ್ದು ಎಂಟರಿಂದ. ಆಟಗಾರನಾಗಿ ಅವನಿಗೆ ಸಮನಿಲ್ಲ, ಆದರೆ ಎಲ್ಲವನ್ನೂ ತಾನೇ ಮಾಡಿ ಮುಗಿಸುವವನು ಬೇರೆಯವರಿಂದ ಮಾಡಿಸುವುದನ್ನು ತಡವಾಗಿ ಕಲಿಯುತ್ತಾನೆ. ನಮ್ಮ ಮನೆಗಳಲ್ಲಿ ಹಿರಿ ಸೊಸೆಯರ ಪಾಡೂ ಇದೇ ಅಲ್ಲವೇ? ಹಾಗೆಂದು ತಪ್ಪೆಲ್ಲ ಅವನದೇ ಎನ್ನಲಾರೆ. ಬ್ಯಾಟ್ಸ್‌ಮನ್‌ಗಳಿಗೆ ಹಣ ಸುರಿದು ಬೌಲರ್‌ಗಳನ್ನು ಮರೆತವರು ಸಾಮಾನು ಕೊಂಡವರು, ಬೈಸಿಕೊಂಡವನು ಅಡುಗೆಯವನು.

ಈ ಮಾತು ನನಗೇಕೆ ಚುಚ್ಚುತ್ತದೆ ಗೊತ್ತೇ? ನಾನೂ ಒಂದು ಶಾಲೆಯಲ್ಲಿ, ಹೆಸರು ಬೇಡ, ಒಂದು ವರ್ಷ ಪ್ರಭಾರ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಗಣಿತದ ಹುದ್ದೆ ಇಡೀ ವರ್ಷ ಖಾಲಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಮಕ್ಕಳ ಅಪ್ಪಂದಿರು ನಸುಕಿನ ರೈಲಿಗೆ ಹೋದರೆ ಬರುವುದು ರಾತ್ರಿ. ಓದು ಎನ್ನುವವರು ಮನೆಯಲ್ಲಿ ಯಾರು? ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿಯಿತು. ನೋಟೀಸಿನಲ್ಲಿ ಖಾಲಿ ಹುದ್ದೆಯ ಸುದ್ದಿಯಿಲ್ಲ, ನನ್ನ ಹೆಸರಿತ್ತು. ಮುಂದಿನ ಜೂನ್‌ಗೆ ನನ್ನನ್ನು ಬದಲಾಯಿಸಿದರು.

ಹಾಗಾಗಿ ಸ್ಮೃತಿ ಮಂಧಾನಳ ಮೇಲೆ ನನಗೆ ವಿಶೇಷ ಮಮತೆ. 2023ರಲ್ಲಿ ಹೆಣ್ಣುಮಕ್ಕಳ ತಂಡ ಮೊದಲ ಐದು ಪಂದ್ಯಗಳನ್ನೂ ಸೋತಿತು, ಆಕೆಯ ಬ್ಯಾಟಿಗೂ ರನ್ ಬರಲಿಲ್ಲ. ಜನ ಆಡಿದ ಮಾತು ಒಂದೆರಡಲ್ಲ. ಆದರೂ ಆಕೆಯನ್ನು ಉಳಿಸಿಕೊಂಡರು, ಬದಲಾದದ್ದು ಕೋಚ್. 2024ರ ಮಾರ್ಚ್ 17, ಫೈನಲ್. ಡೆಲ್ಲಿ ವಿಕೆಟ್ಟಿಲ್ಲದೆ 64. ಸ್ಮೃತಿಯ ಮುಖದಲ್ಲಿ ಗಾಬರಿಯಿಲ್ಲ. ಸೋಫಿ ಮಾಲಿನ್ಯೂ ಕೈಗೆ ಚೆಂಡು ಕೊಟ್ಟಳು. ಒಂದೇ ಓವರಿನಲ್ಲಿ ಮೂರು ವಿಕೆಟ್. ಆಮೇಲೆ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ಕು. ಡೆಲ್ಲಿ 113ಕ್ಕೆ ಮುಗಿಯಿತು. ಗಂಡಸರ ತಂಡ ಹದಿನಾರು ವರ್ಷದಲ್ಲಿ ತರದ ಕಪ್ಪನ್ನು ಈಕೆ ಎರಡನೇ ವರ್ಷಕ್ಕೇ ತಂದಳು. ಆ ರಾತ್ರಿ ನಾನು ಒಬ್ಬಳೇ ಅತ್ತೆ, ಮಗನಿಗೆ ಕಾಣದ ಹಾಗೆ.

ಡುಪ್ಲೆಸಿ ಅದೇ ವರ್ಷ ಎಂಟರಲ್ಲಿ ಏಳು ಸೋತು, ಮತ್ತೆ ಸಾಲಾಗಿ ಆರು ಗೆದ್ದು ತಂಡವನ್ನು ಎತ್ತಿದವರು. ಅವರನ್ನೂ ಬಿಟ್ಟರು. 2025ರಲ್ಲಿ ಮಾತೇ ಆಡದ ರಜತ್ ಪಾಟಿದಾರ್ ಮೊದಲ ವರ್ಷವೇ ಕಪ್ ಎತ್ತಿದ. ಒಳ್ಳೆಯ ಹುಡುಗ. ಆದರೆ ಭುವನೇಶ್ವರ್, ಕೃನಾಲ್ ಪಾಂಡ್ಯರಂಥ ಬೌಲರ್‌ಗಳನ್ನು ಆ ವರ್ಷವೇ ಕೊಂಡಿದ್ದರೆಂಬುದನ್ನೂ ಬರೆದಿಡಬೇಕು. ಗೆದ್ದದ್ದೂ ಆರೇ ರನ್ನಿನಿಂದ, ಕುಂಬ್ಳೆ ಸೋತಷ್ಟೇ.

ಮರುದಿನ, ಜೂನ್ 4ರಂದು, ಗೆದ್ದೆತ್ತಿನ ಬಾಲ ಹಿಡಿಯಲು ಬೆಂಗಳೂರಿಗೆ ಜನ ಹರಿದು ಬಂತು. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಮಗ ಅಂದು ಕೊನೆಯ ರೈಲಿನಲ್ಲಿ ಬಂದ. ಕೈಕಾಲು ತೊಳೆದು ಸುಮ್ಮನೆ ಉಂಡ. ಟಿ.ವಿ. ಹಾಕಲಿಲ್ಲ.