ಒಂದು ವಾಕ್ಯ ಓದಿಸುವ ವಿದ್ಯೆ

‘ಉದ್ಯಾನದೊಳಗೆ ವಾಹನಗಳಿಗೆ ಪ್ರವೇಶವಿಲ್ಲ.’ ಕಾನೂನು ತರಗತಿಯಲ್ಲಿ ಒಳ್ಳೆಯ ಮೇಷ್ಟ್ರು ಹಲಗೆಯ ಮೇಲೆ ಇಷ್ಟೇ ಬರೆದು ಸುಮ್ಮನೆ ನಿಲ್ಲುತ್ತಾರೆ. ಕಾರು ವಾಹನ, ಅನುಮಾನವಿಲ್ಲ. ಸೈಕಲ್ಲು? ಮಗುವಿನ ಆಟದ ಕಾರು? ಗಾಯಾಳುವನ್ನು ಒಯ್ಯಲು ಬಂದ ಆಂಬುಲೆನ್ಸ್? ಅಲ್ಲಿಂದ ತರಗತಿಗೆ ಜೀವ ಬರುತ್ತದೆ.

ಈ ಉದಾಹರಣೆ ಆಕ್ಸ್‌ಫರ್ಡಿನ ಎಚ್.ಎಲ್.ಎ. ಹಾರ್ಟ್ ಅವರದು, 1958ರದು. ಪದಕ್ಕೆ ಗಟ್ಟಿ ತಿರುಳಿರುತ್ತದೆ, ಅಂಚಿನಲ್ಲಿ ಮಸುಕೂ ಇರುತ್ತದೆ ಎಂದರು ಅವರು. ಅದೇ ವರ್ಷ ಹಾರ್ವರ್ಡಿನ ಲಾನ್ ಫುಲ್ಲರ್ ಕೇಳಿದರು: ಯುದ್ಧದಲ್ಲಿ ಬಳಸಿದ ಟ್ರಕ್ಕನ್ನು ಸ್ಮಾರಕವಾಗಿ ಪೀಠದ ಮೇಲೆ ನಿಲ್ಲಿಸಿದರೆ? ನಿಯಮದ ಉದ್ದೇಶ ಬಿಟ್ಟು ಪದದ ಅರ್ಥ ಹಿಡಿಯಲಾಗದು ಎಂಬುದು ಅವರ ವಾದ.

ಇದು ಬರೀ ತರಗತಿಯ ಕಸರತ್ತಲ್ಲ. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ತೂಗಿ ನೋಡಿದ್ದು ಕಾರ್ಮಿಕ ಕಾನೂನಿನ ‘ಕೈಗಾರಿಕೆ’ ಎಂಬ ಒಂದು ಪದವನ್ನು. ಲಾಭದ ಉದ್ದೇಶವಿಲ್ಲದ ಆಸ್ಪತ್ರೆ, ವಿದ್ಯಾಸಂಸ್ಥೆಗಳೂ ಅದರೊಳಗೆ ಬರಬಹುದೆಂದು ಬಹುಮತ ಹೇಳಿತು. ಅಲ್ಲಿ ದುಡಿಯುವವರ ಬದುಕು ಆ ಪದದ ಅರ್ಥಕ್ಕೆ ಜೋತುಬಿದ್ದಿತ್ತು.

ಮತ್ತೆ ತರಗತಿಗೆ ಬಂದರೆ, ಈ ಕಲಿಸುವಿಕೆಯಲ್ಲಿ ನಾನು ಕೈಮುಗಿಯುವುದು ಒಂದು ಗಳಿಗೆಗೆ. ಹುಡುಗಿಯೊಬ್ಬಳು ಸೈಕಲ್ಲಿನ ಪರವಾಗಿ ಚೆನ್ನಾಗಿ ವಾದಿಸಿ ಕೂರುತ್ತಾಳೆ. ಮೇಷ್ಟ್ರು ‘ಭೇಷ್’ ಅನ್ನುತ್ತಾರೆ; ‘ಈಗ ಎದುರು ಪಕ್ಷಕ್ಕೆ ನೀನೇ ವಕೀಲೆ, ಎದ್ದು ನಿಲ್ಲಮ್ಮ’ ಅನ್ನುತ್ತಾರೆ. ಎದುರಾಳಿಯ ಮಾತನ್ನು ಪ್ರಾಮಾಣಿಕವಾಗಿ ಆಡಲು ಕಲಿತ ಆ ಕ್ಷಣದಲ್ಲೇ ಅವಳೊಳಗೆ ನ್ಯಾಯದ ಮೊಳಕೆ ಒಡೆಯುತ್ತದೆ.